ಬೀಗ ಹಾಕಿದ ಮನೆಗಳ ಲೆಕ್ಕ: ಅಹಮದಾಬಾದಿನ ಪೋಳಗಳ ಪ್ರಕರಣ

ಅಹಮದಾಬಾದಿನ ಹಳೆಯ ಊರಿನಲ್ಲಿ ಮನೆಯೊಂದು ಬಿದ್ದುಹೋದ ಸುದ್ದಿಯನ್ನು ಪಕ್ಕದ ಮನೆಯ ಗೋಡೆ ಹೇಳುತ್ತದೆ. ಅಲ್ಲಿ ಮನೆಗಳು ಗೋಡೆಗೆ ಗೋಡೆ ಕೊಟ್ಟುಕೊಂಡು ನಿಂತಿರುವುದರಿಂದ, ಒಂದು ಬಿದ್ದರೆ ಅದರ ಒಳಮೈ ಪಕ್ಕದವರ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ನೆಲದಿಂದ ಒಂದಾಳೆತ್ತರದಲ್ಲಿ ದೇವರ ಗೂಡು, ಅದರ ನೆತ್ತಿಯಲ್ಲಿ ದೀಪದ ಮಸಿ. ಅದಕ್ಕೂ ಮೇಲೆ ನೀಲಿ ಸುಣ್ಣ ಬಳಿದ ಅರ್ಧ ಕೋಣೆ. ಜಂತಿಗಳು ಕೂತಿದ್ದ ಚೌಕ ತೂತುಗಳು ಸಾಲಾಗಿ ಬಾಯಿ ತೆರೆದುಕೊಂಡಿರುತ್ತವೆ. ಆ ತೂತುಗಳ ಸಾಲನ್ನು ಎಣಿಸಿದರೆ ಮನೆಗೆ ಎಷ್ಟು ಅಂತಸ್ತಿತ್ತು ಎಂದು ತಿಳಿಯುತ್ತದೆ. ಕೆಳಗೆ ಇಟ್ಟಿಗೆಯ ರಾಶಿ, ರಾಶಿಯ ಪಕ್ಕ ಎರಡೋ ಮೂರೋ ಸ್ಕೂಟರ್. ಮನೆ ಹೋದ ಜಾಗಕ್ಕೆ ಮೊದಲು ಬರುವ ಒಕ್ಕಲು ಸ್ಕೂಟರ್‌ಗಳೇ.

ಅಲ್ಲಿಂದ ಎರಡು ತಿರುವು ದಾಟಿದರೆ, ಅದೇ ಕಾಲದ, ಅದೇ ಅಳತೆಯ ಇನ್ನೊಂದು ಮನೆ ಎಣ್ಣೆ ಹಚ್ಚಿದ ಕಂಬಗಳೊಂದಿಗೆ ಹೊಳೆಯುತ್ತಿರುತ್ತದೆ. ಅಂಗಳದಲ್ಲಿ ತುಳಸಿ, ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಯ್ಯಾಲೆ. ಒಂದೇ ಮಳೆ, ಒಂದೇ ಮರ, ಒಂದೇ ಕಾನೂನು. ಒಂದು ಮನೆ ಬಿದ್ದು ಇನ್ನೊಂದು ಉಳಿದದ್ದು ಹೇಗೆ ಎನ್ನುವುದೇ ಈ ಪ್ರಕರಣದ ವಿಷಯ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗೆದ್ದಲು, ಮಳೆಗಳಿಗಿಂತ ಹೆಚ್ಚಾಗಿ ಈ ಮನೆಗಳನ್ನು ಬೀಳಿಸುತ್ತಿರುವುದು ಹಕ್ಕುಪತ್ರದ ಗಂಟು. ಬಡಗಿ ಮಾಡಬೇಕಾದ ಕೆಲಸ ಕಷ್ಟದ್ದೇ, ಆದರೆ ಆತನನ್ನು ಕರೆಸುವ ಅಧಿಕಾರ ಯಾರದು ಎನ್ನುವುದು ಇತ್ಯರ್ಥವಾಗದೆ ಅರ್ಧ ಊರು ಕಾಯುತ್ತಿದೆ.

ಪೋಳ

ಸುಲ್ತಾನ ಅಹಮದ್ ಷಾ 1411ರಲ್ಲಿ ಸಾಬರಮತಿಯ ಪೂರ್ವ ದಂಡೆಯಲ್ಲಿ ಕಟ್ಟಿಸಿದ ಈ ನಗರದ ಕೋಟೆಯೊಳಗಿನ ಭಾಗ ಸುಮಾರು ಐದೂವರೆ ಚದರ ಕಿಲೋಮೀಟರ್. ಅದರೊಳಗೆ ನೂರಾರು ಪೋಳಗಳು. ಸಂಸ್ಕೃತದ 'ಪ್ರತೋಲಿ', ಅಂದರೆ ಹೆಬ್ಬಾಗಿಲು, ಎಂಬ ಮಾತಿನಿಂದ ಬಂದ ಪದ ಇದು. ಒಂದೇ ಬಾಗಿಲಿರುವ ಕೇರಿ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ರಾತ್ರಿ ಬಾಗಿಲು ಮುಚ್ಚಿದರೆ ಇಡೀ ಕೇರಿ ಒಂದು ಮನೆ. ಒಳಗೆ ಬಾವಿ, ಒಂದು ಗುಡಿ ಅಥವಾ ಜೈನ ದೇರಾಸರ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ ಎಂಬ ಎತ್ತರದ ಕಂಬ. ಕೇರಿಯ ವ್ಯವಹಾರ ನೋಡಿಕೊಳ್ಳಲು ಪಂಚರು. ಮನೆ ಮಾರುವವನು ಪಂಚರ ಕಿವಿಗೆ ಹಾಕದೆ ಮಾರುವಂತಿರಲಿಲ್ಲ. ಮಾಣೆಕ್ ಚೌಕದ ಹತ್ತಿರದ ಮುಹೂರ್ತ ಪೋಳವೇ ಮೊದಲನೆಯದು ಎಂದು ಊರಿನವರು ತೋರಿಸುತ್ತಾರೆ.

ಮನೆಯ ನಕ್ಷೆ ಕನ್ನಡದವರಿಗೆ ಅಪರಿಚಿತವೇನಲ್ಲ. ಬೀದಿಗೆ ಮುಖಮಾಡಿ ಓಟಲೊ, ಅಂದರೆ ನಮ್ಮ ಜಗಲಿ. ಒಳಗೆ ಹೋದರೆ ಆಕಾಶಕ್ಕೆ ತೆರೆದ ಚೌಕ, ನಮ್ಮ ತೊಟ್ಟಿ. ಅದರಾಚೆ ಪರಸಾಳ, ಪಡಸಾಲೆಗೆ ಹೆಸರಿನಲ್ಲೂ ಅದು ನೆಂಟ. ಕೊನೆಯಲ್ಲಿ ಬೆಳಕು ಕಡಿಮೆಯ ಓರಡೊ, ಕೋಣೆ. ವ್ಯತ್ಯಾಸವೆಂದರೆ ನಮ್ಮ ತೊಟ್ಟಿಮನೆ ಅಗಲಕ್ಕೆ ಹರಡಿಕೊಂಡರೆ ಇದು ಎತ್ತರಕ್ಕೆ ಬೆಳೆದದ್ದು. ಮುಖ ಕಿರಿದು, ಆಳ ಹೆಚ್ಚು, ಮೇಲೆ ಎರಡು ಮೂರು ಅಂತಸ್ತು. ಒಂದೊಂದು ಅಂತಸ್ತೂ ಬೀದಿಯ ಕಡೆಗೆ ಸ್ವಲ್ಪ ಚಾಚಿಕೊಂಡು ಮದನಕೈಗಳ, ಅಂದರೆ ಭಾರ ಹೊರುವ ಚಾಚುಮರಗಳ, ಮೇಲೆ ಕೂತಿರುತ್ತದೆ. ಎದುರುಬದುರಿನ ಮನೆಗಳು ಮೇಲೆ ಹೋದಷ್ಟೂ ಹತ್ತಿರವಾಗಿ ಬೀದಿಗೆ ನೆರಳು ಬೀಳುತ್ತದೆ. ಮೇ ತಿಂಗಳಲ್ಲಿ ಬಿಸಿಲು ನಲವತ್ತೈದು ಡಿಗ್ರಿಯ ಆಸುಪಾಸು ಮುಟ್ಟುವ ಊರಿನಲ್ಲಿ ಆ ನೆರಳಿನ ಬೆಲೆ ಎಷ್ಟೆಂದು ಅಲ್ಲಿ ಮಧ್ಯಾಹ್ನ ನಡೆದವರಿಗೆ ಗೊತ್ತು.

ಚೌಕದ ನೆಲದಡಿ ಟಾಂಕಾ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಕೊಳವೆಯಲ್ಲಿ ಇಳಿಸಿ, ಸುಣ್ಣದ ಗಾರೆ ಮೆತ್ತಿದ ನೆಲಮಾಳಿಗೆಯ ಹೊಂಡದಲ್ಲಿ ತುಂಬಿ, ಬೆಳಕು ತಾಗದಂತೆ ಮುಚ್ಚಳ ಹಾಕಿಟ್ಟರೆ ವರ್ಷವಿಡೀ ಕುಡಿಯುವ ನೀರು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಅದಕ್ಕೂ ಮುಂಚೆ ಚಾವಣಿ ಗುಡಿಸಿ, ಒಡೆದ ಹೆಂಚು ಬದಲಿಸಬೇಕು. ಟಾಂಕಾ ಇರುವವರೆಗೆ ಪ್ರತಿ ವರ್ಷ ಜೂನಿಗೆ ಮೊದಲು ಯಾರಾದರೊಬ್ಬರು ಚಾವಣಿ ಹತ್ತಲೇಬೇಕಿತ್ತು ಎನ್ನುವುದನ್ನು ಗಮನಿಸಿ. ನಲ್ಲಿ ಬಂತು, ಟಾಂಕಾ ಮುಚ್ಚಿತು, ಚಾವಣಿ ಹತ್ತುವ ಕಾರಣವೂ ಹೋಯಿತು. ಈ ಮನೆಗಳ ಅವನತಿಯನ್ನು ನಲ್ಲಿ ನೀರಿನಿಂದ ಲೆಕ್ಕ ಹಾಕುವುದು ತಮಾಷೆಯಾಗಿ ಕಾಣಬಹುದು, ಆದರೆ ನನಗೆ ಅದರಲ್ಲಿ ಸತ್ಯವಿದೆ ಎನಿಸುತ್ತದೆ.

ಮರ ಸಾಯುವ ಬಗೆ

ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಆದರೆ ಮನೆಯ ಎಲುಬು ಮರ. ಕಂಬ, ತೊಲೆ, ಜಂತಿ, ಹಲಗೆಯ ನೆಲ. ಗೋಡೆಯೊಳಗೂ ಅಲ್ಲಲ್ಲಿ ಅಡ್ಡಡ್ಡ ಮರದ ಪಟ್ಟಿ ಕೂರಿಸಿ ಇಟ್ಟಿಗೆಯನ್ನು ಕಟ್ಟಿಹಾಕಿರುತ್ತಾರೆ. ಕಂಬಗಳು ನೇರವಾಗಿ ನೆಲಕ್ಕೆ ಊರದೆ ಕಲ್ಲಿನ ಪೀಠದ ಮೇಲೆ ನಿಂತಿರುತ್ತವೆ. ತೇವವೂ ಗೆದ್ದಲೂ ಮೇಲೇರದಿರಲಿ ಎಂದು. ನೆಲ ನಡುಗಿದಾಗ ಇಂಥ ಮನೆ ಕಿರುಗುಟ್ಟುತ್ತದೆ, ಓಲಾಡುತ್ತದೆ, ಬಿರುಕು ಬಿಡುತ್ತದೆ, ಆದರೆ ಒಮ್ಮೆಲೇ ಕುಸಿಯುವುದು ಕಡಿಮೆ. 2001ರ ಜನವರಿ 26ರ ಕಛ್ ಭೂಕಂಪದಲ್ಲಿ ಇದು ಕಣ್ಣಿಗೆ ಕಂಡಿತು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸತ್ತದ್ದು ಹೊಸ ಬಡಾವಣೆಗಳ ಕಾಂಕ್ರೀಟ್ ಬಹುಮಹಡಿ ಕಟ್ಟಡಗಳಲ್ಲಿ. ಹಳೆಯ ಊರಿನ ಮರದ ಮನೆಗಳು ಗಾಯಗೊಂಡರೂ ಬಹುಪಾಲು ನಿಂತವು. ಮನೆಗಳು ನಿಂತವೇನೋ ನಿಜ, ಆದರೆ ಜನರ ಧೈರ್ಯ ಕುಸಿದಿತ್ತು. ಬಿರುಕು ಬಿಟ್ಟ ಮನೆಯಲ್ಲಿ ಮಲಗುವುದು ಹೇಗೆ ಎಂದು ಹೊರಟವರು ಹಲವರು.

ಭೂಕಂಪವನ್ನು ತಾಳಿಕೊಂಡ ಮನೆ ಒಂದು ಒಡೆದ ಹೆಂಚಿಗೆ ಸೋಲುತ್ತದೆ. ಹೆಂಚಿನ ಸಂದಿನಲ್ಲಿ ಇಳಿದ ನೀರು ಗೋಡೆಯ ತಲೆಗೆ ಬಂದು ನಿಲ್ಲುತ್ತದೆ. ಜಂತಿಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಗಾಳಿ ಆಡದ ಆ ಗೇಣುದ್ದ ಭಾಗವೇ ಮೊದಲು ಕೊಳೆಯುತ್ತದೆ. ಕೋಣೆಯಲ್ಲಿ ನಿಂತು ನೋಡಿದರೆ ಜಂತಿ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆಯೊಳಗಿನ ತುದಿ ಮಾತ್ರ ನಶ್ಯದಂತೆ ಪುಡಿಯಾಗಿರುತ್ತದೆ. ತುದಿ ಹೋದ ಜಂತಿ ಗೋಡೆಯನ್ನು ಹಿಡಿದಿಡಲಾರದು. ಹಿಡಿತ ತಪ್ಪಿದ ಗೋಡೆ ಬೀದಿಯ ಕಡೆಗೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಈ ಹಂತದಲ್ಲಿ ಮನೆಯವರು ಸಾಮಾನ್ಯವಾಗಿ ಮಾಡುವ ಕೆಲಸ ಸಿಮೆಂಟ್ ಮೆತ್ತಿಸುವುದು. ಸುಣ್ಣದ ಗಾರೆ ಉಸಿರಾಡುತ್ತದೆ, ತೇವ ಕುಡಿದು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಹೊರಗೆ ಬಿರುಕು ಮುಚ್ಚಿ ಚೆಂದವಾಯಿತು ಎನ್ನುವಷ್ಟರಲ್ಲಿ ಒಳಗೆ ಮರ ನೆನೆಯುತ್ತಿರುತ್ತದೆ. ಅದಕ್ಕೆ ಜೊತೆಯಾಗಿ, ಶೌಚಾಲಯದ ಕಲ್ಪನೆಯೇ ಇಲ್ಲದೆ ಕಟ್ಟಿದ ಮೇಲಂತಸ್ತುಗಳಿಗೆ ಆಮೇಲೆ ಜೋಡಿಸಿದ ಕೊಳವೆಗಳು. ಅವು ಗೋಡೆಗೆ ತಾಗಿಕೊಂಡು ವರ್ಷಗಟ್ಟಲೆ ತೊಟ್ಟಿಕ್ಕುತ್ತವೆ.

ಪಕ್ಕದ ಮನೆ ಬಿದ್ದರೆ ಇನ್ನೊಂದು ಕಂಟಕ. ಗೋಡೆ ಹಂಚಿಕೊಂಡ ಸಾಲಿನಲ್ಲಿ ಪ್ರತಿ ಮನೆಯೂ ಪಕ್ಕದ್ದಕ್ಕೆ ಆನಿಕೆ. ನಡುವಿನದೊಂದು ಹೋದರೆ ಎರಡೂ ಕಡೆಯವು ಒರಗಲು ಆಸರೆಯಿಲ್ಲದೆ ನಿಲ್ಲುತ್ತವೆ, ಮಳೆಯನ್ನೇ ಕಾಣದ ಒಳಗೋಡೆ ಮಳೆಗೆ ಮೈಯೊಡ್ಡುತ್ತದೆ. ಹೀಗಾಗಿ ಒಬ್ಬರ ನಿರ್ಲಕ್ಷ್ಯಕ್ಕೆ ಮೂವರು ದಂಡ ತೆರುತ್ತಾರೆ.

ಸರಿಯಾದ ದುರಸ್ತಿ ಏನೆಂಬುದು ರಹಸ್ಯವಲ್ಲ. ಊರೆಗೋಲು ಕೊಟ್ಟು ಭಾರ ಇಳಿಸಿಕೊಂಡು, ಜಂತಿಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಹಳೆಯ ಸಾಗುವಾನಿಯ ತುಂಡನ್ನು ಕಚ್ಚು ಕೂಡಿಸಿ ಜೋಡಿಸಬೇಕು. ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ ಮೆತ್ತಬೇಕು. ಕೊಳವೆಗಳನ್ನು ಗೋಡೆಯಿಂದ ಬಿಡಿಸಿ ಹೊರಗೆ ಒಯ್ಯಬೇಕು. ಎಲ್ಲಕ್ಕೂ ಮೊದಲು ಚಾವಣಿ. ಇದನ್ನು ಬಲ್ಲ ಬಡಗಿಗಳೂ ಗಾರೆಯವರೂ ಕಡಿಮೆಯಾಗಿದ್ದಾರೆ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ.

ಹನ್ನೊಂದು ಸಹಿ

ಹಾಗಾದರೆ ಯಾರೂ ಮಾಡಿಸುತ್ತಿಲ್ಲವೇಕೆ? ಇದಕ್ಕೆ ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. 1861ರಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದ ಮೇಲೆ ಊರಿಗೆ ಹಣ ಬಂತು, ಜನ ಬಂದರು, ಪೋಳಗಳು ಕಿಕ್ಕಿರಿದವು. 1892ರಲ್ಲಿ ಸಾಬರಮತಿಗೆ ಉಕ್ಕಿನ ಎಲ್ಲಿಸ್ ಸೇತುವೆ ಬಿತ್ತು. ಸೇತುವೆಯಾಚೆ ಖಾಲಿ ಭೂಮಿ, ಗಾಳಿ, ಬಂಗಲೆ, ಆಮೇಲೆ ಮೋಟಾರು ನಿಲ್ಲಿಸಲು ಜಾಗ. ಸಹಕಾರಿ ಗೃಹ ಸಂಘಗಳು ಹುಟ್ಟಿಕೊಂಡವು. ಕೈಯಲ್ಲಿ ಕಾಸಿದ್ದವರು ಒಬ್ಬೊಬ್ಬರಾಗಿ ನದಿ ದಾಟಿದರು. ಪೋಳದ ಮನೆಯನ್ನು ಮಾರಲಿಲ್ಲ, ಅದು ಅಜ್ಜನ ಮನೆ. ಬಾಡಿಗೆಗೆ ಕೊಟ್ಟರು.

ಆಗ ಬಂದದ್ದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ. ಗುಜರಾತ್ ಪ್ರತ್ಯೇಕ ರಾಜ್ಯವಾದ ಮೇಲೂ ಅದೇ ಮುಂದುವರಿಯಿತು. ಯುದ್ಧಾನಂತರದ ವಸತಿ ಬರದಲ್ಲಿ ಬಡ ಬಾಡಿಗೆದಾರನನ್ನು ಬೀದಿಗೆ ಬೀಳದಂತೆ ಕಾಯುವ ಉದ್ದೇಶ ಅದರದು, ಮತ್ತು ಕಾಯಿತು ಕೂಡ. ಆದರೆ ಬಾಡಿಗೆ ಅಲ್ಲಿಯೇ ಹೆಪ್ಪುಗಟ್ಟಿತು. ಇಡೀ ವರ್ಷದ ಬಾಡಿಗೆ ಸೇರಿಸಿದರೂ ಒಂದು ಸಾಲು ಹೆಂಚು ಬದಲಿಸಲು ಸಾಲದ ಸ್ಥಿತಿ ಬಂದಾಗ ಮಾಲೀಕ ಕೈಬಿಟ್ಟ. ಬಾಡಿಗೆದಾರ ತನ್ನದಲ್ಲದ ಮನೆಗೆ ದುಡ್ಡು ಸುರಿಯಲಿಲ್ಲ. ಬಾಡಿಗೆ ಹಕ್ಕೇ ಪಗಡಿಯ, ಅಂದರೆ ಒಮ್ಮೆಗೇ ಕೈಗೆ ಕೊಡುವ ಇಡಿಗಂಟಿನ, ಮೇಲೆ ಕೈಯಿಂದ ಕೈಗೆ ದಾಟತೊಡಗಿತು. ಇಲ್ಲೊಂದು ಕ್ರೂರ ಸತ್ಯವಿದೆ: ಇಂಥ ಮಾಲೀಕನಿಗೆ ಮನೆ ಬೀಳುವುದೇ ಲಾಭ. ನ್ಯಾಯಾಲಯದಲ್ಲಿ ಮೂವತ್ತು ವರ್ಷವಾದರೂ ಏಳದ ಬಾಡಿಗೆದಾರ ಚಾವಣಿ ಕುಸಿದರೆ ಒಂದೇ ರಾತ್ರಿಯಲ್ಲಿ ಏಳುತ್ತಾನೆ. ಮಳೆಗಿಂತ ಅಗ್ಗದ ವಕೀಲ ಸಿಗುವುದಿಲ್ಲ. ಬಾಡಿಗೆದಾರನೂ ಇದನ್ನು ಬಲ್ಲ. ಆದ್ದರಿಂದಲೇ ನಗರಪಾಲಿಕೆ ಬಾಗಿಲಿಗೆ ಅಪಾಯದ ಕಟ್ಟಡವೆಂದು ನೋಟಿಸು ಅಂಟಿಸಿದರೂ ಆತ ಕದಲುವುದಿಲ್ಲ. ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲಾಗದು ಎಂಬ ಭಯ ತಲೆಯ ಮೇಲಿನ ಜಂತಿಯ ಭಯಕ್ಕಿಂತ ದೊಡ್ಡದು.

ಬಾಡಿಗೆದಾರರಿಲ್ಲದ ಮನೆಗಳ ಕಥೆ ಬೇರೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 1950ರಲ್ಲಿ ಒಬ್ಬ ಯಜಮಾನ, ಮೂವರು ಗಂಡುಮಕ್ಕಳು. ಪಾಲು ಬರೆಸಲಿಲ್ಲ, ಏಕೆಂದರೆ ಜಗಳವಿರಲಿಲ್ಲ. ಮಕ್ಕಳ ಕಾಲಕ್ಕೆ ಒಬ್ಬ ನದಿಯಾಚೆ, ಒಬ್ಬ ಮುಂಬಯಿ, ಒಬ್ಬ ಪೂರ್ವ ಆಫ್ರಿಕಾ. ಮೊಮ್ಮಕ್ಕಳ ಕಾಲಕ್ಕೆ ಹೆಣ್ಣುಮಕ್ಕಳ ಹಕ್ಕೂ ಸೇರಿ ಹನ್ನೊಂದು ಸಹಿ ಬೇಕು. ಅವುಗಳಲ್ಲಿ ಎರಡು ನ್ಯೂಜೆರ್ಸಿಯಲ್ಲಿ, ಒಂದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಮನೆ ಬೀಳಲಿ ಎಂದು ಯಾರೂ ಬಯಸಿಲ್ಲ. ಆದರೆ ಹನ್ನೊಂದನೆಯ ಒಂದು ಪಾಲಿಗಾಗಿ ಇಡೀ ಚಾವಣಿಯ ಖರ್ಚು ಹೊರುವವರೂ ಇಲ್ಲ. ಜಗಳವಾಡಿ ಪಾಲು ಮಾಡಿಕೊಂಡ ಮನೆತನದ ಗತಿಯೂ ಹೆಚ್ಚು ಭಿನ್ನವಲ್ಲ. ಚೌಕದ ನಡುವೆ ಇಟ್ಟಿಗೆ ಗೋಡೆ ಎದ್ದು, ಅರ್ಧ ಕೆತ್ತನೆ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ಉಳಿದ ಮನೆಗಳಿವೆ.

ಮಾರಿಬಿಡೋಣವೆಂದರೆ ಅದಕ್ಕೂ ತೊಡಕು. 1969, 1985, 2002ರ ಗಲಭೆಗಳು ಈ ಊರನ್ನು ಒಳಗಿಂದ ಸೀಳಿದವು. ಭಯದಿಂದ ಬಂದ ಬೆಲೆಗೆ ಮನೆ ಮಾರಿ ಓಡಿಹೋಗುವುದನ್ನು ತಡೆಯಲು ತಂದ 1991ರ ಪ್ರಕ್ಷುಬ್ಧ ಪ್ರದೇಶಗಳ ಕಾಯಿದೆ ಹಳೆಯ ಊರಿನ ಬಹುಭಾಗಕ್ಕೆ ಅನ್ವಯವಾಗುತ್ತದೆ. ಅಲ್ಲಿ ಆಸ್ತಿ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಕಾಯಿದೆಯ ಪರ ವಿರೋಧ ವಾದಗಳು ದೊಡ್ಡವು, ಇಲ್ಲಿ ಅದರ ಗೊಡವೆ ಬೇಡ. ನಮ್ಮ ವಿಷಯಕ್ಕೆ ಸಂಬಂಧಿಸಿ ಹೇಳುವುದಾದರೆ, ಹನ್ನೊಂದು ಸಹಿಯ ಕಾಗದಕ್ಕೆ ಹನ್ನೆರಡನೆಯದೊಂದು ಸೇರಿತು.

ಇಷ್ಟೆಲ್ಲದರ ನಡುವೆಯೂ ಹಣ ಕೊಡುವವರು ಒಬ್ಬರಿದ್ದಾರೆ, ಸುತ್ತಲಿನ ಮಾರುಕಟ್ಟೆಯವರು. ರತನ್ ಪೋಳದ ಸೀರೆ ಅಂಗಡಿ, ಢಾಲ್‌ಗರವಾಡದ ಬಟ್ಟೆ ವ್ಯಾಪಾರ, ಮಾಣೆಕ್ ಚೌಕದ ಚಿನ್ನ ಬೆಳ್ಳಿ ಕೆಲಸ, ಇವೆಲ್ಲಕ್ಕೂ ಗೋದಾಮು ಬೇಕು. ಸಂಸಾರ ಹೂಡಲು ಕಟ್ಟಿದ ಹಲಗೆಯ ಅಂತಸ್ತಿನ ಮೇಲೆ ಬಟ್ಟೆಯ ಬೇಲುಗಳನ್ನು ಪೇರಿಸುತ್ತಾರೆ. ಗೋದಾಮಿನಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ಆದ್ದರಿಂದ ಸೋರುವ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಬಿಡಿಬಿಡಿಯಾಗಿ ಬೆಲೆ

ಇಡಿಯಾಗಿ ನಿಂತಾಗ ಗಿರಾಕಿ ಸಿಗದ ಮನೆಗೆ ಬಿಚ್ಚಿದಾಗ ಗಿರಾಕಿಗಳ ಸಾಲು. ಕೆತ್ತಿದ ಕಂಬ, ಬೋದಿಗೆ, ಮದನಕೈ, ಬಾಗಿಲವಾಡ, ತೂಗುಯ್ಯಾಲೆಯ ಹಲಗೆ, ಒಂದೊಂದಕ್ಕೂ ಹಳೆಯ ಸಾಮಾನಿನ ವ್ಯಾಪಾರಿ ಬೆಲೆ ಕಟ್ಟುತ್ತಾನೆ. ಕೆತ್ತನೆಯಿಲ್ಲದ ತೊಲೆಗೂ ಬೆಲೆಯಿದೆ, ಅಂಥ ಸಾಗುವಾನಿ ಈಗ ಸಿಗುವುದಿಲ್ಲ. ಹೋಟೆಲಿನ ಮುಖಮಂಟಪವಾಗಿ, ಯಾರದೋ ತೋಟದ ಮನೆಯ ಊಟದ ಮೇಜಾಗಿ ಪೋಳದ ಮನೆಗಳು ದೇಶವೆಲ್ಲ ಹಂಚಿಹೋಗಿವೆ.

ಇದಕ್ಕೊಂದು ವಿಚಿತ್ರ ಪೂರ್ವಕಥೆಯಿದೆ. 1881ರಲ್ಲಿ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಕಲಾವಿದ ಅಹಮದಾಬಾದಿಗೆ ಬಂದು, ಇಲ್ಲಿನ ಜೈನ ಶ್ರೀಮಂತ ಮನೆತನದ ಮಗನ್‌ಭಾಯಿ ಹಠೀಸಿಂಗ್ ಜೊತೆ ಸೇರಿ ಮರಗೆತ್ತನೆಯ ಕಾರ್ಖಾನೆ ತೆರೆದ. ಪೋಳದ ಮನೆಗಳನ್ನು ಕೆತ್ತಿದ ಪರಂಪರೆಯ ಬಡಗಿಗಳೇ ಅಲ್ಲಿ ಅಮೆರಿಕದ ಬೈಠಕ್‌ಖಾನೆಗಳಿಗೆ ಫಲಕ ಕೆತ್ತಿದರು. 1887ರಲ್ಲಿ ನ್ಯೂಯಾರ್ಕಿನ ಪೂರ್ವ ಹತ್ತನೇ ಬೀದಿಯಲ್ಲಿ ಆತ ಕಟ್ಟಿಸಿಕೊಂಡ ಮನೆಯ ಮುಂಗಡೆಯಲ್ಲಿ ಸಾಗುವಾನಿಯ ಕೆತ್ತನೆಯ ಗವಾಕ್ಷಿಯಿದೆ. ನೂರಮೂವತ್ತಕ್ಕೂ ಹೆಚ್ಚು ಹಿಮಗಾಲ ಕಂಡ ಮರ ಇಂದಿಗೂ ಗಟ್ಟಿ. ಸಾಗುವಾನಿ ಹಾಳಾಗುವುದು ಹವೆಯಿಂದ ಎನ್ನುವವರಿಗೆ ಇದನ್ನು ತೋರಿಸಬೇಕು. ಆ ಮನೆ ಇಂದು ಒಂದು ವಿಶ್ವವಿದ್ಯಾಲಯದ ಬಳಕೆಯಲ್ಲಿದೆ. ಮಾಲೀಕ ಯಾರೆಂದು ಎಲ್ಲರಿಗೂ ಗೊತ್ತು.

ಅಹಮದಾಬಾದಿನಲ್ಲೇ ಇದಕ್ಕೆ ಸಾಕ್ಷಿ ಹುಡುಕುವುದಾದರೆ ಪೋಳದೊಳಗಿನ ಗುಡಿಗಳನ್ನು ನೋಡಬೇಕು. ಹಾಜಾ ಪಟೇಲ್ ಪೋಳದ ಕಾಳಾ ರಾಮಜಿ ಮಂದಿರವೂ, ಕೇರಿಕೇರಿಯ ಜೈನ ದೇರಾಸರಗಳೂ ಅದೇ ಮರ, ಅದೇ ಸುಣ್ಣದವು. ಕಾಲುಪುರದ ಸ್ವಾಮಿನಾರಾಯಣ ಮಂದಿರದ ಮರದ ಕೆತ್ತನೆ ಹತ್ತೊಂಬತ್ತನೆಯ ಶತಮಾನದ್ದು, ಬಣ್ಣ ಕೂಡ ಮಾಸದಂತೆ ಕಾದಿದ್ದಾರೆ. ದೇವರಿಗೆ ವಾರಸುದಾರರ ಜಗಳವಿಲ್ಲ. ಆಸ್ತಿ ಟ್ರಸ್ಟಿನದು, ಸಹಿ ಮಾಡುವವರು ಇಂಥವರೇ ಎಂದು ಗೊತ್ತು. ಭಕ್ತರು ನದಿಯಾಚೆ ಹೋದರೂ ಹುಂಡಿಗೆ ಹಣ ಬರುತ್ತದೆ. ಗುಡಿಯ ಎದುರಿನ ಮನೆ ಬಿದ್ದಿದೆ, ಗುಡಿ ನಿಂತಿದೆ.

ಮಾಡಿದ ಕೆಲಸ

ನಗರಪಾಲಿಕೆ ಸುಮ್ಮನೆ ಕೂತಿತ್ತು ಎಂದರೆ ಅನ್ಯಾಯವಾದೀತು. 1996ರಲ್ಲಿ ಅದು ಪರಂಪರೆಯ ವಿಭಾಗವೊಂದನ್ನು ತೆರೆಯಿತು. ದೇಶದ ನಗರಪಾಲಿಕೆಗಳಲ್ಲಿ ಅಂಥದು ಅದೇ ಮೊದಲು. ಸಲಹೆಗಾರರಾಗಿದ್ದ ದೇಬಾಶಿಶ್ ನಾಯಕ್ ಅವರ ಮುತುವರ್ಜಿಯಲ್ಲಿ 1997ರ ನವೆಂಬರ್ 19ರಂದು ಪಾರಂಪರಿಕ ನಡಿಗೆ ಶುರುವಾಯಿತು. ಬೆಳಗ್ಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಪೋಳಗಳನ್ನು ಹಾದು 1424ರ ಜಾಮಾ ಮಸೀದಿಯಲ್ಲಿ ಮುಗಿಯುವ ನಡಿಗೆ. ಹೊರಗಿನವರು ಬಂದು ತಮ್ಮ ಜಗಲಿಯ ಕಂಬವನ್ನು ಬೆರಗಿನಿಂದ ನೋಡುವುದನ್ನು ಕಂಡು ಕೇರಿಯವರು ತಾವೂ ಕತ್ತೆತ್ತಿ ನೋಡಿದರು. ಇದು ಸಣ್ಣ ಸಾಧನೆಯಲ್ಲ. ದುರಸ್ತಿಗೆ ಸಾಲ ಕೊಡಿಸುವ ಪ್ರಯತ್ನವೂ ನಡೆಯಿತು. ಆದರೆ ಸಾಲಕ್ಕೆ ಸ್ಪಷ್ಟ ಹಕ್ಕುಪತ್ರ ಬೇಕು. ಮತ್ತೆ ಅದೇ ಗಂಟು.

ನಡಿಗೆಯ ದಾರಿಯಲ್ಲಿ ಲಾಂಬೇಶ್ವರ ಪೋಳದಲ್ಲಿ ಗುಜರಾತಿ ಕವಿ ದಲಪತರಾಮರ (1820–1898) ಮನೆಯಿದ್ದ ಜಾಗ ಸಿಗುತ್ತದೆ. ಮನೆ ಯಾವಾಗಲೋ ಹೋಗಿತ್ತು. ನಗರಪಾಲಿಕೆ ಆ ನಿವೇಶನದಲ್ಲಿ ಮನೆಯ ಮುಂಭಾಗವನ್ನಷ್ಟೇ ಮತ್ತೆ ಎಬ್ಬಿಸಿ, ಜಗಲಿಯ ಮೇಲೆ ಕವಿಯ ಕಂಚಿನ ಪ್ರತಿಮೆಯನ್ನು ಕೂರಿಸಿದೆ. ಕವಿ ಆರಾಮಾಗಿ ಕೂತಿದ್ದಾರೆ, ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳಬಹುದು. ಹಿಂದಿನ ಬಾಗಿಲು ತೆರೆದರೆ ಒಳಗೆ ಮನೆಯಿಲ್ಲ. ಚೆನ್ನಾಗಿ ಮಾಡಿದ ಸ್ಮಾರಕ ಅದು, ಮಕ್ಕಳು ಅಲ್ಲಿ ಆಡುತ್ತಾರೆ. ಆದರೂ ಅಲ್ಲಿ ನಿಂತಾಗಲೆಲ್ಲ ನನಗೆ ಅನಿಸುವುದು, ಇಡೀ ಹಳೆಯ ಊರಿನ ಒಂದು ಸಾಧ್ಯತೆಯನ್ನು ಈ ಜಾಗ ಮೊದಲೇ ತೋರಿಸುತ್ತಿದೆ ಎಂದು. ಮುಖಗಳೆಲ್ಲ ಇರುತ್ತವೆ, ಒಳಗೆ ಒಲೆ ಉರಿಯುವುದಿಲ್ಲ.

ಪೂರ್ಣವಾಗಿ ಜೀರ್ಣೋದ್ಧಾರಗೊಂಡ ಮನೆಗಳ ಪಟ್ಟಿ ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ದೇಸಾಯಿ ಪೋಳದ ದಿವಾನ್‌ಜಿ ಹವೇಲಿ, ಖಾಡಿಯಾದ ಮಂಗಳದಾಸ್ ಹವೇಲಿ, ಢಾಳ್ ಪೋಳದ ಫ್ರೆಂಚ್ ಹವೇಲಿ, ಕೋಟೆಯ ಕಡೆ ಸಿದಿ ಸಯ್ಯದ್ ಮಸೀದಿಯ ಎದುರು 1924ರಲ್ಲಿ ಕಟ್ಟಿದ ಮಂಗಳದಾಸ್ ಗಿರ್ಧರದಾಸರ ಬಂಗಲೆ. ಕೆಲಸ ಸೊಗಸಾಗಿದೆ. ಇವುಗಳ ಒಡೆತನ ಒಬ್ಬರದು ಅಥವಾ ಒಮ್ಮತದ ಒಂದು ಸಂಸ್ಥೆಯದು. ಮತ್ತೆ ಬಹುತೇಕ ಎಲ್ಲವೂ ಇಂದು ಅತಿಥಿಗೃಹ, ಹೋಟೆಲು ಅಥವಾ ಪ್ರದರ್ಶನದ ಜಾಗ. ಖರ್ಚು ಹುಟ್ಟಬೇಕಾದರೆ ಹಾಗೆ ಮಾಡದೆ ವಿಧಿಯಿಲ್ಲ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಕೊಳೆತು ಬೀಳುವುದಕ್ಕಿಂತ ಅತಿಥಿಗಳು ಉಳಿಯುವುದು ಎಷ್ಟೋ ವಾಸಿ. ಆದರೆ ಎರಡು ದಿನಕ್ಕೆ ಬಂದು ಹೋಗುವವರು ಪಂಚರ ಸಭೆಗೆ ಬರುವುದಿಲ್ಲ, ಚಬೂತರೊಗೆ ಕಾಳು ಹಾಕುವುದಿಲ್ಲ. ಪೋಳ ಎನ್ನುವುದು ಬಾಗಿಲು ಮುಚ್ಚಿ ಕೂಡಿ ಬಾಳುವ ಏರ್ಪಾಡಾಗಿತ್ತು.

ಮಾಣೆಕ್ ಚೌಕದ ಬಳಿಯ ಹರಕುಂವರ್ ಶೇಠಾಣಿಯ ಹವೇಲಿ ಇನ್ನೊಂದು ತುದಿ. ಗಂಡ ಹಠೀಸಿಂಗ್ ತೀರಿಕೊಂಡ ಮೇಲೆ 1848ರಲ್ಲಿ ದೆಹಲಿ ದರವಾಜೆಯ ಹೊರಗಿನ ದೊಡ್ಡ ಜೈನ ಮಂದಿರವನ್ನು ಪೂರ್ಣಗೊಳಿಸಿದ ಹೆಣ್ಣುಮಗಳು ಆಕೆ. ಮಂದಿರ ಥಳಥಳಿಸುತ್ತದೆ. ಆಕೆ ಬಾಳಿದ ಹವೇಲಿಯ ಭಾರಿ ಮದನಕೈಗಳ ಕೆಳಗೆ ವ್ಯಾಪಾರದ ಗದ್ದಲ, ಮೇಲೆ ದೂಳು.

ಪಟ್ಟಿಗೆ ಸೇರಿದ ಮೇಲೆ

2017ರ ಜುಲೈಯಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದ ನಗರವೊಂದಕ್ಕೆ ಈ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಸಮಿತಿಗೆ ಸಲಹೆ ಕೊಡುವ ತಜ್ಞರ ಸಂಸ್ಥೆ ಐಕೊಮೋಸ್ ಆಗಲೇ ಬೇಡ, ಮುಂದೂಡಿ ಎಂದಿತ್ತು. ಮರದ ಮನೆಗಳ ಸ್ಥಿತಿ, ದಾಖಲೆ, ನಿರ್ವಹಣೆ ಇನ್ನೂ ಗಟ್ಟಿಯಾಗಲಿ ಎನ್ನುವುದು ಅದರ ಆಶಯ. ಸಮಿತಿ ಕೇಳಲಿಲ್ಲ. ಊರಿನಲ್ಲಿ ಹಬ್ಬವಾಯಿತು.

ಪಟ್ಟಿಯ ಸಿದ್ಧತೆಯಲ್ಲಿ ಒಂದು ನಿಜವಾದ ಕೆಲಸ ನಡೆದಿತ್ತು. ಕೇರಿಕೇರಿ ತಿರುಗಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ಗುರುತಿಸಿ ದರ್ಜೆ ಕೊಟ್ಟರು. ದರ್ಜೆ ಸಿಕ್ಕ ಮನೆಯನ್ನು ಅನುಮತಿಯಿಲ್ಲದೆ ಕೆಡವುವಂತಿಲ್ಲ. ಅದರ ಬದಲಿಗೆ ಮಾಲೀಕನಿಗೆ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. ಅದು ಕೆಲಸ ಮಾಡುವ ಬಗೆ ಹೀಗೆ: ನಿನ್ನ ಜಾಗದಲ್ಲಿ ನೀನು ಎತ್ತರ ಕಟ್ಟುವಂತಿಲ್ಲ, ಆದರೆ ಕಟ್ಟಬಹುದಾಗಿದ್ದ ಆ ಚದರಡಿಯನ್ನು ಕಾಗದದ ಮೇಲೆ ಬರೆದುಕೊಡುತ್ತೇವೆ, ಹೊಸ ಊರಿನ ಬಿಲ್ಡರ್‌ಗೆ ಅದನ್ನು ಮಾರಿಕೋ, ಬಂದ ಹಣದಲ್ಲಿ ಮನೆ ರಿಪೇರಿ ಮಾಡಿಸು.

ಯೋಚನೆ ಜಾಣತನದ್ದು. ಕೆಲವು ಮನೆಗಳು ಇದರಿಂದ ನಿಜವಾಗಿಯೂ ಎದ್ದು ನಿಂತಿವೆ. ಆದರೆ ಬಿಲ್ಡರ್ ಎದುರು ಎರಡು ಅಂಗಡಿಗಳಿವೆ. ಹೆಚ್ಚುವರಿ ಅಂತಸ್ತಿನ ಹಕ್ಕನ್ನು ಆತ ಶುಲ್ಕ ಕಟ್ಟಿ ಸರ್ಕಾರದಿಂದಲೇ ಪಡೆಯಬಹುದು. ಆದ್ದರಿಂದ ಪೋಳದ ಮಾಲೀಕ ತನ್ನ ಕಾಗದಕ್ಕೆ ಆ ಶುಲ್ಕಕ್ಕಿಂತ ಹೆಚ್ಚು ಕೇಳಲಾರ. ಸಣ್ಣ ಮನೆಗೆ ಸಿಗುವ ಚದರಡಿಯೂ ಸಣ್ಣದು. ದೊಡ್ಡ ಹವೇಲಿಗೆ ಸಾಲುವ ಹಣ ಹತ್ತಡಿ ಅಗಲದ ಮನೆಗೆ ಚಾವಣಿಯ ಮಟ್ಟಿಗೂ ಸಾಲದಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ ಟಿಡಿಆರ್ ಮಾಲೀಕನ ಹೆಸರಿಗೆ ಬರೆಯುವ ಕಾಗದ. ಯಾವ ಮಾಲೀಕ? ಹನ್ನೊಂದು ಜನರಲ್ಲಿ ಯಾರು? ಮನೆಯಲ್ಲಿ ಐವತ್ತು ವರ್ಷದಿಂದ ಒಲೆ ಹೊತ್ತಿಸಿದ ಬಾಡಿಗೆದಾರನಿಗೆ ಆ ಕಾಗದದಲ್ಲಿ ಸಾಲೊಂದೂ ಇಲ್ಲ. ಯಾರ ಬಳಿ ಪತ್ರಗಳು ಸರಿಯಾಗಿದ್ದವೋ ಅವರಿಗೆ ನೆರವು ಸಿಕ್ಕಿತು. ಅಂಥವರ ಮನೆಗಳು ಹೇಗೂ ಅಷ್ಟು ಕೆಟ್ಟಿರಲಿಲ್ಲ.

ನನ್ನನ್ನು ಕೇಳಿದರೆ ಹಣದ ಯೋಜನೆಗಿಂತ ಮೊದಲು ಬೇಕಾಗಿದ್ದದ್ದು ಕೇರಿಗೊಬ್ಬ ಗುಮಾಸ್ತ. ವಂಶವೃಕ್ಷ ಬರೆದುಕೊಂಡು, ನ್ಯೂಜೆರ್ಸಿಗೆ ಫೋನು ಹಚ್ಚಿ, ಬಾಡಿಗೆದಾರನನ್ನೂ ಮಾಲೀಕನನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ, ಇಬ್ಬರಿಗೂ ಪಾಲಿರುವ ಒಪ್ಪಂದ ಬರೆಸಬಲ್ಲವನು. ವಾಸ್ತುಶಿಲ್ಪಿಗಳ ಸೊಬಗಿನ ನಕ್ಷೆಗಳು ಬೇಕಾದಷ್ಟು ಆಗಿವೆ. ಹಳೆಯ ಪಂಚರು ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಗುಮಾಸ್ತಿಕೆ.

ಜನವರಿ 14ರ ಉತ್ತರಾಯಣದಂದು ಪೋಳಗಳನ್ನು ನೋಡಿದವರಿಗೆ ಇವು ಸಾಯುತ್ತಿರುವ ಕೇರಿಗಳು ಎಂದರೆ ನಂಬಿಕೆ ಬರುವುದಿಲ್ಲ. ನದಿ ದಾಟಿ ಹೋದವರು, ಸಮುದ್ರ ದಾಟಿ ಹೋದವರು, ಎಲ್ಲ ಬೀಗ ತೆಗೆದು ಮಾಳಿಗೆ ಹತ್ತುತ್ತಾರೆ. ತಮ್ಮ ಮನೆ ಉಳಿಯದವರು ಬೇರೆಯವರ ಮಾಳಿಗೆಯನ್ನು ದಿನದ ಬಾಡಿಗೆಗೆ ಹಿಡಿಯುತ್ತಾರೆ. ವರ್ಷವಿಡೀ ಬಾರದ ಬಾಡಿಗೆ ಆ ಎರಡು ದಿನದಲ್ಲಿ ಬರುವ ಮನೆಗಳೂ ಇವೆ. ಆಕಾಶದ ತುಂಬ ಗಾಳಿಪಟ. ಸಂಜೆ ಉಂಧಿಯು ಎಂಬ ತರಕಾರಿ ಪಲ್ಯ, ಜಿಲೇಬಿ. ತುಂಡಾದ ಪಟದ ಹಿಂದೆ ಹುಡುಗರು ಒಂದು ಚಾವಣಿಯಿಂದ ಇನ್ನೊಂದಕ್ಕೆ ದಾಟುತ್ತಾರೆ, ಕಾಲಡಿ ಹೆಂಚು ಲಟಕ್ಕೆನ್ನುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಹದಿನಾರರಂದು ಬೀಗಗಳು ಮತ್ತೆ ಬೀಳುತ್ತವೆ. ಒಡೆದ ಹೆಂಚು ಬದಲಿಸಲು ಜೂನ್ ಮಧ್ಯದವರೆಗೆ ಐದು ತಿಂಗಳು ಸಮಯವಿರುತ್ತದೆ.